ಅಪ್‌ಡೇಟ್: ಬಾಲ್ಟಿಕ್ ಪ್ರವಾಸದಲ್ಲಿ ಅಂಬರ್ ಖರೀದಿ

ಬಾಲ್ಟಿಕ್ ದೇಶಗಳ ಗುಂಪು ಪ್ರವಾಸದಲ್ಲಿ ಅಂಬರ್ (ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾದ ಮರದ ರಾಳ) ಆಭರಣವನ್ನು ಹೇಗೆ ಪರೀಕ್ಷಿಸಿ ಕೊಳ್ಳಬೇಕೆಂದು ನಾನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಮಾರ್ಗದರ್ಶಕರು ಕರೆದೊಯ್ದ ಅಂಗಡಿಯಲ್ಲಿ ಬೆಲೆ ಹೆಚ್ಚೆನಿಸಿದ್ದರಿಂದ, ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಪಿಲಿಯೆಸ್ ಬೀದಿಯಲ್ಲಿ ಬಿಡುವಿನ ವೇಳೆ ನಾಲ್ಕೈದು ಅಂಗಡಿಗಳನ್ನು ನೋಡಿ ಅಮ್ಮನಿಗೆ ಒಂದು ಸರ ಕೊಂಡೆ. ಗಾಢ ಉಪ್ಪುನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ ಎಂಬ ನಿಮ್ಮ ಸಲಹೆ ಸರಿಯಾಗಿಯೇ ಇದೆ. ಆದರೆ ಅಷ್ಟು ಹಳೆಯದಲ್ಲದ ಕೋಪಾಲ್ ರಾಳವೂ ತೇಲುವುದರಿಂದ ಅದೊಂದೇ ಸಾಲದು. ಆದ್ದರಿಂದ ಸಹಜ ಅಂಬರೋ, ಪುಡಿಯನ್ನು ಒತ್ತಿ ಮಾಡಿದ್ದೋ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಂಡೆ. ಹೋಗುವವರು ಇದನ್ನು ಖಂಡಿತ ಮರೆಯಬಾರದು.

ಅದೇ ಊರಿನ ಕೆಥೆಡ್ರಲ್ ಚೌಕದಲ್ಲಿ, 1989ರ ಆಗಸ್ಟ್ 23ರಂದು ಸೋವಿಯತ್ ಒಕ್ಕೂಟದಿಂದ ಸ್ವಾತಂತ್ರ್ಯಕ್ಕಾಗಿ ಸುಮಾರು 20 ಲಕ್ಷ ಜನ ಕೈಕೈ ಹಿಡಿದು ಎಸ್ಟೋನಿಯಾದ ರಾಜಧಾನಿ ಟಾಲಿನ್‌ವರೆಗೆ ನಿಂತ ಮಾನವ ಸರಪಳಿಯನ್ನು ನೆನಪಿಸುವ ಒಂದು ನೆಲಹಾಸು ಕಲ್ಲಿದೆ. ಅದರ ಮುಂದೆ ನಿಂತಾಗ ಖರೀದಿಯ ಯೋಚನೆಯೆಲ್ಲ ಮರೆತೇ ಹೋಗಿತ್ತು.

ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ, ಹಳೆಯ ಜೆಪ್ಪೆಲಿನ್ ವಾಯುನೌಕೆಗಳ ಶೆಡ್‌ಗಳಿಂದ ಕಟ್ಟಿದ ಕೇಂದ್ರ ಮಾರುಕಟ್ಟೆಗೆ ಸಿಕ್ಕಿದ್ದು ಕೇವಲ ಅರ್ಧ ಗಂಟೆ. ಅಲ್ಲಿ ಜೇನುತುಪ್ಪ ತೆಗೆದುಕೊಂಡೆ. ಟಾಲಿನ್‌ನಲ್ಲಿ, 1422ರಷ್ಟು ಹಿಂದಿನ ದಾಖಲೆಗಳಲ್ಲೇ ಕಾಣಸಿಗುವ ಔಷಧಾಲಯವನ್ನು ನೋಡಿ, ಬಾದಾಮಿಯ ಮಾರ್ಜಿಪಾನ್ ಸಿಹಿಯನ್ನು ಮನೆಗೆ ತಂದೆ.