ಪ್ರೊಗ್ರೆಶನ್-ಫ್ರೀ ಸರ್ವೈವಲ್: ‘ರೋಗಮುಕ್ತ ಬದುಕು’ ಅನ್ನಬಹುದೇ?

ಪ್ರಶ್ನೆ: ಹರಡಿದ ಸ್ತನ ಕ್ಯಾನ್ಸರಿಗೆ ಎರಡು ಕೀಮೋ ಔಷಧಗಳನ್ನು ಜೊತೆಯಾಗಿ ಕೊಟ್ಟು ನೋಡುವ ಪರೀಕ್ಷೆಯೊಂದರ ಒಪ್ಪಿಗೆ ಪತ್ರ ಕನ್ನಡಕ್ಕೆ ಬರಬೇಕಿದೆ. ಕರಡಿನಲ್ಲಿ ಪ್ರೊಗ್ರೆಶನ್-ಫ್ರೀ ಸರ್ವೈವಲ್‌ಗೆ ‘ರೋಗಮುಕ್ತ ಬದುಕು’, ಕಾಂಬಿನೇಶನ್‌ಗೆ ‘ಮಿಶ್ರಣ’, ಮೀಡಿಯನ್‌ಗೆ ‘ಸರಾಸರಿ’ ಎಂದಿದೆ. ಈ ಮೂರೂ ನಿಲ್ಲುತ್ತವೆಯೇ?

ಉತ್ತರ: ‘ರೋಗಮುಕ್ತ’ ಖಂಡಿತ ಬೇಡ. ಆ ಮಾತು ಕೇಳಿದವರಿಗೆ ಕಾಯಿಲೆ ವಾಸಿಯಾಯಿತು ಎಂದೇ ಅರ್ಥ. ಇಲ್ಲಿ ಗಡ್ಡೆ ಮೈಯಲ್ಲೇ ಇರುತ್ತದೆ, ಸ್ಕ್ಯಾನಿನಲ್ಲಿ ಕಾಣುತ್ತಲೂ ಇರಬಹುದು. ಗೊತ್ತುಮಾಡಿದ ಮಿತಿ ದಾಟಿ ಬೆಳೆಯದೆ ಎಷ್ಟು ಕಾಲ ಕಳೆಯಿತು ಅನ್ನುವುದಷ್ಟೇ ಲೆಕ್ಕ. ಸಹಿ ಹಾಕುವಾಕೆಗೆ ಇಲ್ಲದ ಭರವಸೆ ಕೊಡಬಾರದು.

‘ರೋಗ ಮುಂದುವರಿಯದೆ’ ಅಂದರೂ ತೊಡಕೇ: ರೋಗ ಅಲ್ಲಿಗೇ ನಿಂತುಹೋಯಿತು ಎಂದು ಓದಿಕೊಳ್ಳಬಹುದು. ‘ಉಲ್ಬಣ’ ಅಂದರೆ ನೋವು, ಸಂಕಟ ಜೋರಾದ ಚಿತ್ರ ಬರುತ್ತದೆ. ಆದರೆ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದದ್ದು ರೋಗಿಗೆ ತಿಳಿಯದೆಯೂ ಇರಬಹುದು. ನನ್ನ ಮತ ‘ರೋಗ ಹೆಚ್ಚದೆ ಬದುಕಿದ ಅವಧಿ’.

ಹೆಚ್ಚುವುದು ಅಂದರೆ ಯಾವುದಕ್ಕಿಂತ ಹೆಚ್ಚು ಎಂದೂ ಪತ್ರದಲ್ಲಿ ಬರಬೇಕು. ಗಡ್ಡೆ ಕುಗ್ಗಿತೋ ಬೆಳೆಯಿತೋ ಎಂದು ಸ್ಕ್ಯಾನಿನಲ್ಲಿ ಅಳೆದು ತೀರ್ಮಾನಿಸುವ ರೆಸಿಸ್ಟ್ ಎಂಬ ನಿಯಮಗಳಲ್ಲಿ ಈ ಹೋಲಿಕೆ ಮೊದಲ ಸ್ಕ್ಯಾನಿಗಲ್ಲ, ಗಡ್ಡೆಗಳು ಅತಿ ಚಿಕ್ಕದಾಗಿದ್ದಾಗಿನ ಅಳತೆಗಳ ಮೊತ್ತಕ್ಕೆ. ಶುರುವಿನಲ್ಲಿ ಯಕೃತ್ತಿನಲ್ಲೊಂದು 35 ಮಿ.ಮೀ., ಶ್ವಾಸಕೋಶದಲ್ಲೊಂದು 25 ಮಿ.ಮೀ., ಒಟ್ಟು 60 ಅನ್ನಿ. ಅದು 40ಕ್ಕೆ ಇಳಿದರೆ ಭಾಗಶಃ ಸ್ಪಂದನೆ, ಏಕೆಂದರೆ ಶೇ. 30ಕ್ಕಿಂತ ಹೆಚ್ಚು ಕುಗ್ಗಿದೆ. ಮುಂದೆ 48 ಆಯಿತೋ, ಶೇ. 20 ಏರಿಕೆ, ಜೊತೆಗೆ ಕನಿಷ್ಠ 5 ಮಿ.ಮೀ. ಬೆಳವಣಿಗೆ ಎರಡೂ ಆದಂತೆ: ರೋಗ ಹೆಚ್ಚಿತು. ಮೊದಲಿನ 60ಕ್ಕಿಂತ ಇನ್ನೂ ಚಿಕ್ಕದೇ ಇದ್ದರೂ ಸರಿ. ಹೊಸ ಗಡ್ಡೆ ಕಂಡರೂ ಹಾಗೆಯೇ. ‘ಮೊದಲಿಗಿಂತ ದೊಡ್ಡದಾದರೆ’ ಎಂದು ಅನುವಾದಿಸುವವರು ಎಡವುವುದು ಇಲ್ಲೇ.

‘ಟೈಮ್ ಟು ಪ್ರೊಗ್ರೆಶನ್’ ಬೇರೆ. ಅದಕ್ಕೆ ‘ರೋಗ ಹೆಚ್ಚುವವರೆಗಿನ ಅವಧಿ’ ಇರಲಿ. ಸಾವನ್ನೂ ಎಣಿಕೆಗೆ ಸೇರಿಸಿಕೊಳ್ಳುವುದು ಪ್ರೊಗ್ರೆಶನ್-ಫ್ರೀ ಸರ್ವೈವಲ್ ಮಾತ್ರ, ಆದ್ದರಿಂದ ‘ಬದುಕಿದ’ ಅನ್ನುವ ಪದ ಅಲ್ಲಷ್ಟೇ ಇರಬೇಕು.

ಇನ್ನು ‘ಮಿಶ್ರಣ’. ಒಂದೇ ಬಾಟಲಿಯಲ್ಲಿ ಕಲಸಿ ಏರಿಸುತ್ತಾರೆ ಅನ್ನಿಸುತ್ತದೆ. ಹರಡಿದ ಸ್ತನ ಕ್ಯಾನ್ಸರಿಗೇ ಎರಡು ಕೀಮೋ ಔಷಧ ಜೊತೆ ಕೊಟ್ಟು ನೋಡಿದ, 2002ರಲ್ಲಿ ಪ್ರಕಟವಾದ, 511 ಮಂದಿಯ ಪರೀಕ್ಷೆಯನ್ನೇ ನೋಡಿ: ಡೋಸಿಟ್ಯಾಕ್ಸೆಲ್ 21 ದಿನಕ್ಕೊಮ್ಮೆ ರಕ್ತನಾಳಕ್ಕೆ, ಕೆಪೆಸಿಟಬೀನ್ ಮಾತ್ರೆ ದಿನಕ್ಕೆ ಎರಡು ಸಲ 14 ದಿನ, ಆಮೇಲೆ 7 ದಿನ ಬಿಡುವು. ಡೋಸಿಟ್ಯಾಕ್ಸೆಲ್ ಒಂದೇ ಕೊಟ್ಟವರಿಗೆ ಮೈಯ ಹೊರವಿಸ್ತೀರ್ಣದ ಚದರ ಮೀಟರಿಗೆ 100 ಮಿ.ಗ್ರಾಂ.; ಜೊತೆ ಕೊಟ್ಟವರಿಗೆ 75. ಎರಡರ ಅಡ್ಡಪರಿಣಾಮವೂ ಒಂದೇ ದೇಹದ ಮೇಲೆ ಬೀಳುವುದರಿಂದ ಈ ಇಳಿಕೆ. ‘ಜೋಡಿ ಔಷಧ ಚಿಕಿತ್ಸೆ’ ಅಂದರೆ ಇದಷ್ಟೂ ಒಳಗೊಳ್ಳುತ್ತದೆ. ಮೂರು ಔಷಧವಾದರೆ ‘ಕೂಡು ಚಿಕಿತ್ಸೆ’ ಅನ್ನಿ.

ಮೀಡಿಯನ್‌ಗೆ ಶಾಲೆಯ ಗಣಿತದ ‘ಮಧ್ಯಾಂಕ’ವೇ ಇದೆ. ಆ ಪರೀಕ್ಷೆಯಲ್ಲಿ ಬದುಕಿನ ಮಧ್ಯಾಂಕ ಜೋಡಿ ಗುಂಪಿನಲ್ಲಿ 14.5 ತಿಂಗಳು, ಒಂಟಿ ಔಷಧದ ಗುಂಪಿನಲ್ಲಿ 11.5. ಅಂದರೆ ಅಷ್ಟು ಕಾಲ ಕಳೆಯುವಾಗ ಅರ್ಧದಷ್ಟು ಮಂದಿ ಇನ್ನೂ ಬದುಕಿದ್ದರು. ‘ಸರಾಸರಿ 14.5’ ಎಂದು ಬರೆದರೆ ಓದುವಾಕೆ ಅದನ್ನು ತನಗೆ ಉಳಿದ ತಿಂಗಳ ಲೆಕ್ಕವೆಂದೇ ತಿಳಿದುಕೊಳ್ಳುತ್ತಾಳೆ. ‘ಅರ್ಧದಷ್ಟು ಮಂದಿ 14.5 ತಿಂಗಳಿಗೂ ಹೆಚ್ಚು ಬದುಕಿದರು’ ಎಂದೇ ಬಿಡಿಸಿ ಬರೆಯಿರಿ.