ಎರಡನೇದು ತಾನೇ, ಎಲ್ಲಾ ಗೊತ್ತಲ್ಲ!

ಓದುಗಿಯ ಸಮಸ್ಯೆ: ನಾನೀಗ ಆರು ತಿಂಗಳ ಬಸುರಿ. ಮೊದಲನೇ ಮಗಳಿಗೆ ನಾಲ್ಕು ವರ್ಷ. ಸುಮ್‌ಸುಮ್ನೆ ಅಳು ಬರುತ್ತದೆ, ನಿದ್ದೆ ಇಲ್ಲ. ಗಂಡ ‘ಎರಡನೇದು ತಾನೇ, ಎಲ್ಲಾ ಗೊತ್ತಲ್ಲ’ ಎಂದು ಫೋನ್ ಹಿಡಿದು ಕೂರುತ್ತಾರೆ. ನಮ್ಮಿಬ್ಬರ ಮಾತೇ ನಿಂತುಹೋಗಿದೆ.

ಓದುಗರ ಸ್ಪಂದನ

ಮೊದಲ ಬಸುರಿಗೆ ಸೀಮಂತ, ಹಸಿರು ಬಳೆ, ಬಯಕೆ ಊಟ. ಎರಡನೇ ಸಲ ‘ತಿಂಡಿ ಆಯ್ತಾ’ ಅಂತ ಕೇಳುವವರೂ ಇಲ್ಲ, ಅಲ್ವಾ? ನಾನಂತೂ ವಾಂತಿ ಮಾಡಿ ಬಾಯಿ ತೊಳೆದವಳೇ ಮಗನ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದೆ. ‘ನೀವು ಏನೂ ಮಾಡಲ್ಲ’ ಅಂದರೆ ಜಗಳವಾಗುತ್ತಿತ್ತು, ಅಷ್ಟೇ. ಕೊನೆಗೆ ಒಂದೇ ಮಾತು ಹೇಳಿದೆ: ಸಂಜೆ ಏಳರ ಮೇಲೆ ಮಗ ನಿಮ್ಮವನು. ಊಟ ಮಾಡಿಸೋದು, ಮಲಗಿಸೋದು ಎಲ್ಲಾ. ಮೊದಮೊದಲು ಅವನು ‘ಅಮ್ಮನೇ ಬೇಕು’ ಅಂತ ರಚ್ಚೆ ಹಿಡಿದ. ನಾನು ರೂಮಿನಿಂದ ಎದ್ದು ಬರಲಿಲ್ಲ. ಗಂಡಸರಿಗೆ ಸುಳಿವು ಕೊಟ್ಟರೆ ಅರ್ಥವಾಗುವುದಿಲ್ಲ. ಅರ್ಥವಾಗದ ಹಾಗೆ ಇರುವುದೂ ಉಂಟು, ಬಿಡಿ.
– ಗೃಹಿಣಿ, ತಿಪಟೂರು

ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಬರೀ ಸುಸ್ತು ಎಂದು ತಳ್ಳಿಹಾಕಬೇಡಿ. ಖಿನ್ನತೆ ಬಾಣಂತನದಲ್ಲಷ್ಟೇ ಅಲ್ಲ, ಬಸುರಿನಲ್ಲೂ ಬರುತ್ತದೆ. ಮೊದಲ ಹೆರಿಗೆಯಾದಾಗ ಬಂದಿದ್ದರೆ ಈ ಸಲವೂ ಬರುವ ಸಾಧ್ಯತೆ ಹೆಚ್ಚು. ಮುಚ್ಚಿಡದೆ ಡಾಕ್ಟರಿಗೆ ಹೇಳಿ. ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ನೋಡಿಸಿ, ಅವು ಏರುಪೇರಾದರೂ ಮನಸ್ಸು ಕುಗ್ಗುತ್ತದೆ. ಮನಸ್ಸಿಗೆ ಸಂಬಂಧಪಟ್ಟ ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಡುರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕೇ ಬೇಡ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ. ‘ಚಿಕಿತ್ಸೆ ಅಂದರೆ ಮಗುವನ್ನು ದೂರ ಮಾಡುತ್ತಾರೆ’ ಎಂದು ಹೆದರುವವರೂ ಇದ್ದಾರೆ. ನಿಮ್ಹಾನ್ಸ್‌ನಲ್ಲಿ ತಾಯಿ, ಕೂಸು ಒಟ್ಟಿಗೇ ಇರುವ ವಾರ್ಡು 2009ರಿಂದಲೇ ಇದೆ.
– ನರ್ಸ್, ಹುಬ್ಬಳ್ಳಿ

ಇದನ್ನು ಯಜಮಾನರಿಗೇ ಓದಲು ಕೊಡಿ. ಸ್ವಾಮಿ, ಮುಂದಿನ ಸ್ಕ್ಯಾನಿಂಗ್‌ಗೆ ಹೋದಾಗ ಬಾಡಿಗೆ ಕಾರಿನ ಡ್ರೈವರ್ ಥರ ಹೊರಗೆ ಕೂರಬೇಡಿ. ಒಳಗೆ ಹೋಗಿ, ‘ಇವಳು ರಾತ್ರಿ ಮಲಗುತ್ತಿಲ್ಲ’ ಎಂದು ಡಾಕ್ಟರಿಗೆ ನೀವೇ ಹೇಳಿ. ಸಾಲದ ಕಂತು, ಸ್ಕೂಲ್ ಫೀಸು ಅಂತ ನಿಮಗೂ ತಲೆಬಿಸಿ ಇರಬಹುದು. ಅದನ್ನು ಹೆಂಡತಿಗೆ ಹೇಳದೆ ಫೋನ್ ಉಜ್ಜುತ್ತಾ ಕೂತರೆ, ಅವರಿಗೆ ಕಾಣುವುದು ನಿಮ್ಮ ಬೇಸರ ಮಾತ್ರ.
– ಇಬ್ಬರು ಮಕ್ಕಳ ಅಪ್ಪ, ಮೈಸೂರು

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಮೊದಲನೇದು ಮಗಳು ಅಂದಿರಿ. ಮನೆಯಲ್ಲಿ ಯಾರಾದರೂ ‘ಈ ಸಲ ಗಂಡೇ ಆಗಲಿ’ ಎನ್ನುತ್ತಿದ್ದಾರಾ? ಹಾಗಿದ್ದರೆ ಅವರ ಬಾಯಿ ಮುಚ್ಚಿಸುವ ಕೆಲಸ ನಿಮ್ಮದಲ್ಲ, ನಿಮ್ಮ ಗಂಡನದು.
– ಓದುಗಿ, ದಾವಣಗೆರೆ