ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ನಡೆಯುವ ಸಭೆಗೆ ಲೈವ್ ಗ್ರಾಫಿಕ್ ರೆಕಾರ್ಡಿಂಗ್: ಯಾವ ಭಾಷೆಯಲ್ಲಿ ಬರೆಯುವುದು?

ಕುಂಬಳೆಹೊಳೆ ಕೇಳಿದ್ದು:

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ–ತೆಂಗು ಬೆಳೆಗಾರರ ಕಂಪೆನಿಯೊಂದರ ವಾರ್ಷಿಕ ಸಭೆಗೆ ಗ್ರಾಫಿಕ್ ರೆಕಾರ್ಡಿಂಗ್ ಮಾಡಿಕೊಡಬೇಕು, ಅಂದರೆ ಮಾತು ನಡೆಯುತ್ತಿರುವಾಗಲೇ ಎಲ್ಲರಿಗೂ ಕಾಣುವ ಹಾಗೆ ಅದನ್ನು ಚಿತ್ರ, ಪದಗಳಲ್ಲಿ ದಾಖಲಿಸುವುದು. 80 ಜನ, ಬೆಳಿಗ್ಗೆ 10ರಿಂದ 1 ಗಂಟೆವರೆಗೆ. ಅಧ್ಯಕ್ಷರದ್ದು ಕನ್ನಡ, ಖರೀದಿ ಕಡೆಯವರದ್ದು ಮಲಯಾಳ, ಲೆಕ್ಕಪರಿಶೋಧಕರದ್ದು ಇಂಗ್ಲಿಷ್. ಪ್ರಶ್ನೋತ್ತರ ಶುರುವಾದರೆ ಅರ್ಧ ತುಳು. ಒಬ್ಬರು ಪ್ರತಿ ಮಾತಿನ ಹಿಂದಿನಿಂದ ಅನುವಾದ ಹೇಳುತ್ತಾ ಹೋಗುತ್ತಾರಂತೆ. ಮಲಯಾಳ ಕಿವಿಗೆ ಪೂರ್ತಿ ಅರ್ಥವಾಗುತ್ತದೆ, ಬರೆಯುವುದು ಮಾತ್ರ ನಿಧಾನ. ಎಲ್ಲವನ್ನೂ ಎರಡು ಲಿಪಿಯಲ್ಲಿ ಬರೆಯಬೇಕಾ? ಕನ್ನಡಕ್ಕೆ ಕೆಂಪು, ಮಲಯಾಳಕ್ಕೆ ಹಸಿರು ಎಂದು ಬಣ್ಣ ಹಂಚುವ ಯೋಚನೆ ಉಂಟು. ಕಾಗದವಾ, ಐಪ್ಯಾಡಾ ಎಂಬುದೂ ತೀರ್ಮಾನವಾಗಿಲ್ಲ.

ಗೆರೆಬರೆ ಉತ್ತರ:

ಎರಡೆರಡು ಸಲ ಬರೆಯಲು ಹೋಗಬೇಡಿ ಮಾರಾಯ್ರೆ, ಮೊದಲ ಅರ್ಧ ಗಂಟೆಯಲ್ಲೇ ಹಿಂದೆ ಬೀಳುತ್ತೀರಿ. ಚಿತ್ರ ಒಂದೇ ಸಲ. ಅದರ ಕೆಳಗಿನ ಮಾತು ಆಡಿದವರ ಭಾಷೆಯಲ್ಲೇ ಇರಲಿ, ನಾಲ್ಕರಿಂದ ಆರು ಪದ, ಅದಕ್ಕಿಂತ ಹೆಚ್ಚು ಬೇಡ. ಎರಡು ಲಿಪಿಯೂ ಬೇಕಾದ್ದು ಮೂರಕ್ಕೆ ಮಾತ್ರ: ಮುಖ್ಯ ಶೀರ್ಷಿಕೆ, ತೀರ್ಮಾನ, ಯಾರು ಯಾವಾಗ ಮಾಡಬೇಕು ಎಂಬುದು. ಶೀರ್ಷಿಕೆಗಳು ಕಾರ್ಯಸೂಚಿಯಲ್ಲೇ ಇರುವುದರಿಂದ ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಬಹುದು. ನಿಮ್ಮ ನಿಧಾನದ ಮಲಯಾಳಕ್ಕೆ ಅಲ್ಲಿಗೇ ಅರ್ಧ ಪರಿಹಾರ ಸಿಕ್ಕಿತು.

ಅಂಕಿ 1, 2, 3 ಎಂದೇ ಬರೆಯಿರಿ. ೧, ೨, ೩ ಚಂದ ಕಾಣುತ್ತದೆ, ಆದರೆ ಮಲಯಾಳದಲ್ಲಿ ಓದಿದವರಿಗೆ ಅದು ಚಿತ್ರ ಮಾತ್ರ. ಘಟ್ಟದ ಮೇಲಿನವರು ಯಾರಾದರೂ ಗುಂಟೆಯಲ್ಲಿ ಹೇಳಿದರೆ ಪಕ್ಕದಲ್ಲೇ ಸೆಂಟ್ಸ್ ಹಾಕಿ. 40 ಗುಂಟೆ ಅಥವಾ 100 ಸೆಂಟ್ಸ್‌ಗೆ ಒಂದು ಎಕರೆ, ಅಂದರೆ ಗುಂಟೆಗೆ ಎರಡೂವರೆ ಸೆಂಟ್ಸ್.

ಹಿಂದಿನಿಂದ ಅನುವಾದ ಬರುತ್ತದೆ ಎಂದಿರಲ್ಲ, ಅದು ನಿಮಗೆ ವರವೇ. ಒಂದೇ ವಿಷಯ ಎರಡು ಸಲ ಕಿವಿಗೆ ಬೀಳುತ್ತದೆ. ಮೂಲ ಮಾತು ನಡೆಯುವಾಗ ಹಲಗೆಗೆ ಕೈ ಹಾಕಬೇಡಿ, ಕೇಳಿ, ಕೈಪುಸ್ತಕದಲ್ಲಿ ಎರಡು ಪದ ಗೀಚಿಕೊಳ್ಳಿ. ಅನುವಾದ ನಡೆಯುವಾಗ ಬರೆಯಿರಿ. ಅನುವಾದಕರು ಹೆಚ್ಚಾಗಿ ಬಿಟ್ಟುಬಿಡುವುದು ಸಂಖ್ಯೆಯನ್ನು. ಅದು ನಿಮ್ಮ ಗೀಚಿನಲ್ಲಿ ಇರುತ್ತದೆ. ತಪ್ಪುವುದೂ ಇಲ್ಲೇ: ಎರಡು ಭಾಷೆಯಲ್ಲಿ ಕೇಳಿದ್ದನ್ನು ಎರಡು ಅಂಶ ಎಂದುಕೊಂಡು ಎರಡು ಕಡೆ ಬರೆದುಬಿಡುತ್ತೇವೆ. ಹಲಗೆಗೆ ಏರಿಸಿದ ಕೂಡಲೇ ಗೀಚಿಗೆ ಅಡ್ಡಗೆರೆ ಎಳೆಯಿರಿ.

ಲೆಕ್ಕಪರಿಶೋಧಕರ ಅಂಕಿಯನ್ನಂತೂ ಕಿವಿಯಿಂದ ಬರೆಯಬೇಡಿ. ಲೆಕ್ಕಪತ್ರವನ್ನು ಮುಂಚಿನ ದಿನವೇ ತರಿಸಿಕೊಳ್ಳಿ.

ಬಲಗಡೆಯ ಕಾಲುಭಾಗವನ್ನು ತೀರ್ಮಾನಗಳಿಗೆ ಖಾಲಿ ಬಿಡಿ. 12:30ರ ಮೇಲೆಯೇ ತೀರ್ಮಾನಗಳೆಲ್ಲ ಒಟ್ಟಿಗೆ ಬೀಳುವುದು, ಆಗ ಜಾಗ ಇರುವುದಿಲ್ಲ.

ಎರಡುಲಿಪಿ ಉತ್ತರ:

ಮೇಲಿನದ್ದಕ್ಕೆ ಒಪ್ಪಿಗೆ. ಆದರೆ ಬಣ್ಣದ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಮ್ಮ ಜಿಲ್ಲೆಯಲ್ಲಿ ಕೆಂಪು, ಹಸಿರು, ಕೇಸರಿ ಮೂರಕ್ಕೂ ಈಗಾಗಲೇ ರಾಜಕೀಯದ ಒಡೆಯರಿದ್ದಾರೆ. ಮಲಯಾಳವನ್ನೆಲ್ಲ ಹಸಿರಲ್ಲಿ ಬರೆದರೆ ಚಹಾದ ಹೊತ್ತಿಗೆ ಬೇರೆಯೇ ಚರ್ಚೆ ಶುರುವಾದೀತು. ಅಕ್ಷರವೆಲ್ಲ ಕಪ್ಪು, ಎರಡೂ ಭಾಷೆಗೆ ಒಂದೇ ಗಾತ್ರ. ಬಣ್ಣವನ್ನು ವಿಷಯಕ್ಕೆ ಕೊಡಿ: ಹಣಕ್ಕೆ ನೀಲಿ, ಬೆಳೆಗೆ ಕಂದು, ಬಾಕಿ ಪ್ರಶ್ನೆಗೆ ನೇರಳೆ. ಹಳದಿಯಲ್ಲಿ ಅಕ್ಷರ ಬರೆದರೆ ಮೂರನೇ ಸಾಲಿಗೇ ಕಾಣುವುದಿಲ್ಲ, ಅದು ತುಂಬುವ ಬಣ್ಣ ಮಾತ್ರ. ಊರಿನ ಹೆಸರಲ್ಲೂ ಹೀಗೆಯೇ ಜಾಗ್ರತೆ ಬೇಕು: ಕನ್ನಡದಲ್ಲಿ ಕುಂಬಳೆ, ಮಲಯಾಳದಲ್ಲಿ ಕುಂಬಳ. ಒಂದನ್ನು ಇನ್ನೊಂದರ ಲಿಪಿಗೆ ಸುಮ್ಮನೆ ಇಳಿಸಬೇಡಿ.

ನಿಜವಾದ ಗುಂಡಿ ಇರುವುದು ಎರಡೂ ಭಾಷೆಯಲ್ಲಿರುವ ಸಂಸ್ಕೃತ ಪದಗಳಲ್ಲಿ. ಮಲಯಾಳದ 'ಅವಸರಂ' ನಮ್ಮ ಅವಕಾಶ. ಮಲಯಾಳದ 'ಅವಕಾಶಂ' ನಮ್ಮ ಹಕ್ಕು. ಖರೀದಿಯವರು ಸದಸ್ಯರ 'ಅವಕಾಶಂ' ಎಂದದ್ದನ್ನು ನೀವು ಕನ್ನಡದಲ್ಲಿ 'ಸದಸ್ಯರಿಗೆ ಅವಕಾಶ' ಎಂದು ಬರೆದರೆ ಹಕ್ಕು ಹೋಗಿ ಬರೀ ಒಂದು ಸಾಧ್ಯತೆ ಉಳಿಯಿತು. ವಾರ್ಷಿಕ ಸಭೆಯಲ್ಲಿ ಇದು ಸಣ್ಣ ತಪ್ಪಲ್ಲ. 'ಅನುವಾದಂ' ಎಂದರೆ ಅಲ್ಲಿ ಅನುಮತಿ, ಭಾಷಾಂತರ ಅಲ್ಲ. 'ಉಪನ್ಯಾಸಂ' ಪ್ರಬಂಧ. 'ಸಂಸಾರಂ' ಬರೀ ಮಾತುಕತೆ. ಇನ್ನು ನಮ್ಮ ಪಟ್ಟಿ ಅವರ ಕಿವಿಗೆ ನಾಯಿ. 'ಸದಸ್ಯರ ಪಟ್ಟಿ' ಎಂದು ಮೈಕಿನಲ್ಲಿ ಗಟ್ಟಿಯಾಗಿ ಓದುವವರು ಸ್ವಲ್ಪ ನೋಡಿಕೊಳ್ಳಲಿ.

ಕೃಷಿಯ ಪದಗಳು ಇದಕ್ಕೆ ತಿರುಗಾಮುರುಗಾ: ವಸ್ತು ಒಂದೇ, ಹೆಸರು ಎರಡು. ನಮ್ಮ ಕೊಳೆರೋಗ ಅವರಿಗೆ ಮಹಾಳಿ. ಮೈಲುತುತ್ತು ಅವರಿಗೆ ತುರಿಶ್. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದ ಮಾತು ಬಂದರೆ ವಾಕ್ಯವೇ ಬೇಡ. ಮೈಲುತುತ್ತಿನ ನೀಲಿ ಹರಳಿನ ಗುಡ್ಡೆ 1 ಕಿಲೊ, ಬಿಳಿ ಸುಣ್ಣದ ಗುಡ್ಡೆ 1 ಕಿಲೊ, ಡ್ರಮ್ಮು 100 ಲೀಟರ್. ಹರಳಿನ ಅಡಿಯಲ್ಲಿ ಎರಡು ಹೆಸರು. ಅಡಿಕೆ ಮರವನ್ನು ತೆಂಗಿನ ಮರದ ಹಾಗೆ ಬಿಡಿಸಬೇಡಿ. ಸಪೂರ ಕಾಂಡ, ಮೇಲೆ ನುಣುಪಾದ ಹಸಿರು ಕೊರಳು, ಗೊನೆ ಅದರ ಕೆಳಗೆ. ಗೊನೆಯನ್ನು ಸೋಗೆಯ ನಡುವೆ ತೂಗಿಸಿದರೆ ಕೂತಿರುವ 80 ಜನರೂ ನಗುತ್ತಾರೆ.

30–40 ಪದಗಳ ಎರಡು ಕಾಲಮ್ಮಿನ ಚೀಟಿ ಮಾಡಿ ಹಲಗೆಯ ಬದಿಗೆ ಅಂಟಿಸಿ. ಮಲಯಾಳ ಭಾಗವನ್ನು ಬರೆಯುವ ಅಭ್ಯಾಸ ಇರುವವರಿಂದಲೇ ಬರೆಯಿಸಿ, ಸಭೆಯಲ್ಲಿ ಅದನ್ನು ನೋಡಿ ಬರೆದರಾಯಿತು. ಕಂಪೆನಿಯವರು ಹೆಸರುಗಳನ್ನು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತದಲ್ಲಿ ಕೊಟ್ಟರೆ ನಿಮ್ಮ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಂಡಾವು. ಮುದ್ರಿಸಿದ ಪ್ರತಿಯನ್ನೇ ಕೇಳಿ. ತುಳುವಿಗೆ ಕನ್ನಡ ಲಿಪಿ ಸಾಕು, ಆದರೆ ತೀರ್ಮಾನವಾದರೆ ಅದೂ ಎರಡು ಲಿಪಿಯ ಪೆಟ್ಟಿಗೆಗೇ ಹೋಗಬೇಕು.

ಸನ್‌ಬೋರ್ಡ್ ಉತ್ತರ:

ಇಂಥ ಸಭೆಗೆ ನನ್ನ ಮತ ಕಾಗದಕ್ಕೆ. ಪರದೆಯ ಮೇಲಿನ ಚಿತ್ರ ಕರೆಂಟು ಹೋದರೆ ಹೋಯಿತು. ಹಲಗೆಯ ಎದುರು ಜನ ಚಹಾ ಹಿಡಿದು ನಿಂತು, ಬೆರಳಿಟ್ಟು, "ಇದು ಹೀಗಲ್ಲ" ಎನ್ನುತ್ತಾರೆ. ಆ ತಿದ್ದುಪಡಿಯೇ ಬೇಕಾದ್ದು.

ಫ್ಲೆಕ್ಸ್ ಅಂಗಡಿಯಲ್ಲಿ 5 ಮಿಲಿಮೀಟರ್ ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) 8×4 ಅಡಿಯದ್ದು ಸಿಗುತ್ತದೆ. ಒಂದೂವರೆ ಗಂಟೆಗೆ ಒಂದು ಎಂದು ಲೆಕ್ಕ ಹಿಡಿದು ಎರಡು ತನ್ನಿ. ಮೇಲೆ ಪ್ಲಾಟರ್ ಕಾಗದ, 36 ಇಂಚಿನ ಸುರುಳಿ. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ತೆಳು, 120 ಆದರೆ ಒಳ್ಳೆಯದು. ಕಾಗದವನ್ನು ಹಾಲಿನ ಗೋಡೆಗೆ ಅಂಟಿಸುವ ಯೋಚನೆ ಬೇಡ, ಸುಣ್ಣ ಬಳಿದ ಗೋಡೆಯಲ್ಲಿ ಟೇಪಿನ ಜೊತೆ ಸುಣ್ಣವೂ ಬರುತ್ತದೆ. ಮಳೆಗಾಲವಾದರೆ ಕಾಗದ ತೇವ ಹೀರಿ ಅಲೆಯಲೆಯಾಗುತ್ತದೆ. ಹಿಂದಿನ ಸಂಜೆ ಅಂಟಿಸಿ ಬಿಟ್ಟರೆ ಬೆಳಿಗ್ಗೆ ನಾಲ್ಕೂ ಮೂಲೆ ಎದ್ದಿರುತ್ತದೆ, ಆ ದಿನವೇ ಬೇಗ ಹೋಗಿ ಅಂಟಿಸಿ.

ಕಪ್ಪು ಮಾರ್ಕರ್ ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯದ್ದಾಗಬೇಕು. ಸಾಮಾನ್ಯ ಸ್ಕೆಚ್ ಪೆನ್ನಿನ ಕಪ್ಪಿನ ಮೇಲೆ ಬಣ್ಣ ಎಳೆದರೆ ಕಪ್ಪು ಹರಡಿ ಎಲ್ಲ ಬೂದಿ. ಪರ್ಮನೆಂಟ್ ಮಾರ್ಕರ್ ತೆಳು ಕಾಗದದ ಆಚೆ ಬದಿಗೆ ಇಳಿಯುತ್ತದೆ, ಮೂರು ಗಂಟೆ ಅದರ ವಾಸನೆಯೂ ಕಷ್ಟ. ಕ್ರಮ ಹೀಗೆ: ಕಪ್ಪು ಅಕ್ಷರ, ಕಪ್ಪು ಗೆರೆಚಿತ್ರ, ಚಹಾ ವಿರಾಮದಲ್ಲಿ ಬಣ್ಣ, ಕೊನೆಗೆ ತಿಳಿ ಬೂದು ನೆರಳು.

ಅಕ್ಷರದ ಬಗ್ಗೆ ಒಂದು ಮಾತು. ಇಂಗ್ಲಿಷಿನ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 4 ಸೆಂಟಿಮೀಟರ್ ಎತ್ತರವಾದರೆ ಕೆಳಗೆ ಇನ್ನೊಂದು 4 ಖಾಲಿ ಬಿಡಿ. ಮಲಯಾಳಕ್ಕೆ ಬೇಕಾದ್ದು ಅಗಲ: ಪದಗಳು ಕೂಡಿಕೊಂಡು ಉದ್ದವಾಗುತ್ತವೆ, ನಡುವೆ ಮುರಿಯಲು ಬರುವುದಿಲ್ಲ. ಚಪ್ಪಟೆ ಮೂತಿಯ ದಪ್ಪ ಮಾರ್ಕರಿನಲ್ಲಿ ಸಣ್ಣ ಅಕ್ಷರ ಬರೆದರೆ 'ಣ', 'ಖ'ಗಳ ಹೊಟ್ಟೆ ಮುಚ್ಚಿಹೋಗುತ್ತದೆ, ಸಣ್ಣದಕ್ಕೆ ಗುಂಡು ಮೂತಿ. 10 ಅಡಿ ದೂರಕ್ಕೆ 1 ಇಂಚು ಎಂಬ ಲೆಕ್ಕದಲ್ಲಿ, ಕೊನೆ ಸಾಲು 30 ಅಡಿ ದೂರವಿದ್ದರೆ ಶೀರ್ಷಿಕೆ 3 ಇಂಚು. ಉಳಿದದ್ದು ಅಲ್ಲಿಗೆ ಕಾಣುವುದಿಲ್ಲ, ಅದಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ.

ತಪ್ಪಾದರೆ ವೈಟ್ನರ್ ಬೇಡ, ಅದರ ಮೇಲೆ ಶಾಯಿ ಸರಿಯಾಗಿ ಕೂರುವುದಿಲ್ಲ. ಎ4 ಸ್ಟಿಕ್ಕರ್ ಹಾಳೆಯನ್ನು ಕತ್ತರಿಸಿ ಅಂಟಿಸಿ, ಅದರ ಮೇಲೆ ಬರೆಯಿರಿ.

ಕುಂಬಳೆಹೊಳೆ:

ಬಣ್ಣದ ವಿಷಯ ಹೊಳೆದೇ ಇರಲಿಲ್ಲ, ಬಚಾವ್. ಎರಡು ಸಂಶಯ: 8 ಅಡಿಯ ಹಲಗೆ ರಿಕ್ಷಾದಲ್ಲಿ ಹೋಗುವುದಿಲ್ಲವಲ್ಲ? ವೇದಿಕೆಯ ಹಿಂದೆ ಬ್ಯಾನರಿನ ಜಾಗದಲ್ಲಿ ಇಡಿ ಎನ್ನುತ್ತಾರೆ, ಆದೀತಾ?

ಸನ್‌ಬೋರ್ಡ್:

ಅಂಗಡಿಯಲ್ಲೇ 4×4ಕ್ಕೆ ಕತ್ತರಿಸಿ ಕೊಡಲು ಹೇಳಿ, ಅಲ್ಲಿ ಹಿಂಬದಿಗೆ ಅಗಲ ಟೇಪ್ ಹಾಕಿ ಜೋಡಿಸಿದರಾಯಿತು. ಸೇರುವ ಗೆರೆಯ ಮೇಲೆ ಅಕ್ಷರ ಬರದ ಹಾಗೆ ನೋಡಿಕೊಳ್ಳಿ.

ವೇದಿಕೆಯ ಹಿಂದೆ ಬೇಡ. ಮಾತಾಡುವವರು ಅಡ್ಡ ನಿಲ್ಲುತ್ತಾರೆ, ನೀವು ಅವರ ಬೆನ್ನ ಹಿಂದೆ ಓಡಾಡಬೇಕಾಗುತ್ತದೆ. ಬದಿಯಲ್ಲಿ, ಚಹಾಕ್ಕೆ ಹೋಗುವ ದಾರಿಯ ಕಡೆ ಇಡಿ. ಸ್ಪೀಕರ್ ಪೆಟ್ಟಿಗೆಯ ಪಕ್ಕ ಮಾತ್ರ ಬೇಡ.

ಗೆರೆಬರೆ:

ಕೊನೆಯಲ್ಲಿ ಫೋಟೋ ತೆಗೆಯುವ ಮೊದಲು ತೀರ್ಮಾನದ ಪೆಟ್ಟಿಗೆಯನ್ನು ಕಾರ್ಯದರ್ಶಿಯವರು ಒಮ್ಮೆ ಓದಲಿ. ನಡಾವಳಿ ಪುಸ್ತಕವೇ ಅಧಿಕೃತ, ನಿಮ್ಮ ಹಲಗೆಯಲ್ಲಿ ಬೇರೆ ಪದ ಇದ್ದರೆ ನಾಳೆ ಅದನ್ನೇ ಹಿಡಿದು ಜಗಳಾಡುವವರು ಇರುತ್ತಾರೆ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳದ ಹಾಗೆ ಹಲಗೆ ತಿರುಗಿಸಿ ಒಂದು ಪೂರ್ತಿ ಫೋಟೋ, ನಾಲ್ಕು ತುಂಡು ಫೋಟೋ ತೆಗೆಯಿರಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಒತ್ತಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಹಾಕಿ, ತುಂಡುಗಳನ್ನು ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ.